ಮೂರನೇ ಬೇಸಿನ ತೀರ್ಪು

ಆರ್ಲೋ ವಿಟ್ಕಸ್‌ನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದುದು ಮಗಳು ನೆಟ್ಟಿಗೆ ಮಾತ್ರ. ಮೈದಾನದ ಮೇಲ್ಗಡೆ, ವರದಿಗಾರರ ಪ್ರೆಸ್ ಬಾಕ್ಸಿನಲ್ಲಿ ಅವನ ಎಡಕ್ಕೆ ಕೂತು, ತುಟಿ ಅಲ್ಲಾಡದ ಹಾಗೆ ಪಿಸುಗುಡುತ್ತಿದ್ದಳು: "ಎಡಗಡೆ ಹೋಯ್ತು. ಹಿಡಿದ. ಔಟ್."

ಓಹಾಯೋದ ಆ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಅವನೇ ಅಧಿಕೃತ ಸ್ಕೋರರ್. ಚೆಂಡು ಕೈತಪ್ಪಿದರೆ ಅದು ಹೊಡೆದವನ ಹೆಚ್ಚುಗಾರಿಕೆಯೋ ಹಿಡಿಯಬೇಕಾದವನ ತಪ್ಪೋ, ಅಂದರೆ ಎರರೋ, ಎಂದು ಅವನು ಮೈಕಿನಲ್ಲಿ ಹೇಳಬೇಕು, ಅದನ್ನು ಕೇಳಿ ಸ್ಕೋರ್ ಬೋರ್ಡಿನಲ್ಲಿ ದೀಪ ಹತ್ತಬೇಕು. ಜೊತೆಗೆ ಮೂವತ್ತೆಂಟು ವರ್ಷದಿಂದ ಪ್ರತಿ ಶುಕ್ರವಾರ ಪತ್ರಿಕೆಗೆ ಅಂಕಣ. ಬೇಲಿಯ ಮೇಲಿನ ಜೂಜಿನ ಜಾಹೀರಾತು, ಆಟ ಬಿಟ್ಟು ಫೋನ್ ನೋಡುವ ಜನ, ಅಂಪೈರನ ಕೆಲಸ ಕಿತ್ತುಕೊಂಡ ಯಂತ್ರ, ಯಾವುದನ್ನೂ ಬೈಯದೆ ಬಿಟ್ಟಿರಲಿಲ್ಲ. ಒಳ್ಳೆಯ ಕಣ್ಣು, ಒಳ್ಳೆಯ ಮನಸ್ಸಾಕ್ಷಿ ಇದ್ದರೆ ಆಟಕ್ಕೆ ಬೇರೇನೂ ಬೇಡ ಎಂದು ಅವನು ಬರೆದದ್ದನ್ನು ಕ್ಷೌರದಂಗಡಿಯವನು ಕಟ್ಟುಹಾಕಿಸಿ ಕನ್ನಡಿಯ ಪಕ್ಕ ನೇತುಹಾಕಿದ್ದ.

ಮಂಗಳವಾರದ ಆಟದಲ್ಲಿ, ನೆಲ ಸವರಿಕೊಂಡು ಬಂದ ಚೆಂಡೊಂದು ಮೂರನೇ ಬೇಸ್ ಕಾಯುತ್ತಿದ್ದ ಡೆಜ್ ಪೈಕ್‌ನ ಮುಂದೆ ಕಲ್ಲಿಗೆ ತಾಗಿ, ಪುಟಿದು, ಅವನ ಭುಜ ದಾಟಿ ಹೋಯಿತು. ನೆಟ್ಟಿ ಬಾಯಿ ತೆರೆಯುವುದರೊಳಗೆ, ಜನರ ಛೀಮಾರಿ ಕೇಳಿಯೇ ಆರ್ಲೋ ಮೈಕಿಗೆ ಹೇಳಿಬಿಟ್ಟ: "ಎರರ್, ಮೂರನೇ ಬೇಸ್."

ಅಕ್ಕಪಕ್ಕದಲ್ಲಿ ಬೇರೆ ವರದಿಗಾರರಿದ್ದರು. ನೆಟ್ಟಿ ಮಾತು ನುಂಗಿಕೊಂಡಳು.

ಮರುದಿನ ಬೆಳಿಗ್ಗೆ ಡೆಜ್ ಮನೆಗೇ ಬಂದ. ಮೂವತ್ತೊಂದು ವರ್ಷದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ನೆಟ್ಟಿ ಇಬ್ಬರಿಗೂ ಕಾಫಿ ಇಟ್ಟಳು.

"ಸರ್, ಇನ್ನೊಂದು ಎರರ್ ಆದ್ರೆ ಮನೆಗೆ ಕಳಿಸ್ತೀನಿ ಅಂತ ಮ್ಯಾನೇಜರ್ ಹೋದ ವಾರಾನೇ ಹೇಳಿದಾರೆ. ನಿನ್ನೆ ತೀರ್ಪನ್ನ ಬದಲಾಯಿಸೋಕೆ ನಿಮಗೆ ಇವತ್ತು ರಾತ್ರಿವರೆಗೂ ಅಧಿಕಾರ ಇದೆ. ಚೆಂಡು ಕಲ್ಲಿಗೆ ತಾಗ್ತು."

"ನಿನ್ನ ಕಾಲು ಭಾರ ಆಗಿರೋದಕ್ಕೆ ಪಾಪ, ಕಲ್ಲೇನು ಮಾಡುತ್ತೆ?"

"ಯಾರೋ ಫೋನಲ್ಲಿ ತೆಗೆದಿದಾರೆ. ನೋಡಿ."

ಆರ್ಲೋ ಫೋನನ್ನು ಪಕ್ಕಕ್ಕೆ ಸರಿಸಿದ. ನೋಡಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. "ಈ ಆಟಿಕೆ ನೋಡ್ಕೊಂಡು ತೀರ್ಪು ಕೊಡೋನಲ್ಲ ನಾನು. ನನ್ನ ಅಂಕಣ ಓದೋದಿಲ್ವಾ ನೀನು?"

"ಓದ್ತೀನಿ ಸರ್. ನಮ್ಮಮ್ಮ ಕತ್ತರಿಸಿ ಇಟ್ಕೊಳ್ತಾರೆ." ಡೆಜ್ ನೆಟ್ಟಿಯ ಕಡೆ ತಿರುಗಿದ. "ನೀನು ಪಕ್ಕದಲ್ಲೇ ಇದ್ಯಲ್ಲ ನೆಟ್ಟಿ. ನೀನೇನು ನೋಡ್ದೆ?"

ಅಪ್ಪನ ಬೆರಳು ಮೇಜಿನ ಮೇಲೆ ಕಪ್ಪಿನ ಹಿಡಿಯನ್ನು ಹುಡುಕುತ್ತಿತ್ತು. ನೆಟ್ಟಿ ಕಪ್ಪನ್ನು ಮೆಲ್ಲಗೆ ಅದರ ಹತ್ತಿರಕ್ಕೆ ತಳ್ಳಿದಳು.

"ನಾನು ಪೇಪರ್ ನೋಡ್ತಿದ್ದೆ," ಅಂದಳು.

"ಹೌದಾ." ಡೆಜ್ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಕುಡಿಯದ ಕಾಫಿಯನ್ನು ತಾನೇ ಸಿಂಕಿಗೆ ಚೆಲ್ಲಿ, ಕಪ್ಪು ತೊಳೆದಿಟ್ಟು ಹೋದ.

ಗುರುವಾರದ ಹೊತ್ತಿಗೆ ತಂಡದ ಕೋಣೆಯಲ್ಲಿ ಡೆಜ್‌ನ ಲಾಕರಿನ ಮೇಲಿನ ಹೆಸರು ಕಿತ್ತಿದ್ದರು. ಅವತ್ತೇ ಆರ್ಲೋ ಅಂಕಣ ಹೇಳಿ ಬರೆಸಿದ. ತಪ್ಪು ಮಾಡಿದವನು ಅದನ್ನು ಒಪ್ಪಿಕೊಳ್ಳುವ ಕಾಲ ಹೋಯಿತು, ಈಗ ಎಲ್ಲರಿಗೂ ಒಂದು ಕಲ್ಲು ಸಿಗುತ್ತದೆ ಎಂದಿತ್ತು ಅದರಲ್ಲಿ. ನೆಟ್ಟಿ ಒಂದಕ್ಷರ ಬದಲಿಸದೆ ಟೈಪ್ ಮಾಡಿದಳು.

"ಹೆಂಗಿದೆ?"

"ಇಪ್ಪತ್ತು ಪದ ಜಾಸ್ತಿ ಆಗಿದೆ," ಅಂದಳು.

ಶನಿವಾರ ಮೂರನೇ ಬೇಸಿನಲ್ಲಿ ಹೊಸಬನಿದ್ದ. ಎರಡನೇ ಇನಿಂಗ್ಸಿನಲ್ಲಿ ಚೆಂಡು ಅವನ ಕಡೆಗೇ ಹೋಯಿತು. ಅವನು ಬಗ್ಗಿದ್ದು, ಚೆಂಡು ಕೈಗವಸಿನ ಕೆಳಗೆ ನುಸುಳಿದ್ದು, ಎಲ್ಲವನ್ನೂ ನೆಟ್ಟಿ ನೋಡಿದಳು. ಜನ ಕೂಗಿದರು. ಈ ಸಲ ಆರ್ಲೋ ಅವಸರಪಡಲಿಲ್ಲ. ಮೈಕಿನ ಮೇಲೆ ಕೈಯಿಟ್ಟು ಅವಳ ಕಡೆಗೆ ವಾಲಿದ.

"ಏನಾಯ್ತು?"

"ಪೇಪರ್ ನೋಡ್ತಿದ್ದೆ, ಅಪ್ಪಾ."

ಅವನು ಅವಳ ಮಣಿಕಟ್ಟು ಹಿಡಿದ. "ನೆಟ್ಟಿ," ಅಂದ. ಅವಳು ಮೈದಾನದಿಂದ ಕಣ್ಣು ಕೀಳಲಿಲ್ಲ. ಬೋರ್ಡಿನಲ್ಲಿ ಯಾವ ದೀಪವೂ ಹತ್ತಲಿಲ್ಲ. ಕೆಳಗಿನ ಸಾಲುಗಳಲ್ಲಿ ಮೊದಲು ಒಬ್ಬ, ಆಮೇಲೆ ನಾಲ್ಕಾರು ಜನ, ಕತ್ತು ತಿರುಗಿಸಿ ಮೇಲೆ ನೋಡತೊಡಗಿದರು.