ನೋಯದ ಗಂಟು

ಬೂದಿಕೋಟೆ ಕಡೆಯ ಮುನಿನಾರಾಯಣಮ್ಮನಿಗೆ ಎಲ್ಲದರಲ್ಲೂ ಅನುಮಾನ. ಡೈರಿಯಲ್ಲಿ ಹಾಲು ನೀರಾಗಿದೆ ಅಂದರೆ ಹಸುವನ್ನೇ ದುರುಗುಟ್ಟಿ ನೋಡುವಾಕೆ!

ಒಮ್ಮೆ ಕೊಟ್ಟಿಗೆಯಲ್ಲಿ ಅವಳ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಹಸು ಅಂದರೆ ಲಕ್ಷ್ಮಿ, ಕೊಟ್ಟಿಗೆಗೆ ಚಪ್ಪಲಿ ಮೆಟ್ಟಿ ಹೋಗುವ ಪದ್ಧತಿ ಆ ಮನೆಯಲ್ಲಿಲ್ಲ. ಮುಳ್ಳು ಕಿತ್ತು ಮರೆತಳು. ಆಮೇಲೆ ಅಲ್ಲೊಂದು ಗಂಟು ಎದ್ದಿತು. ನೋವಿಲ್ಲವಲ್ಲ ಅಂತ ವರ್ಷಗಟ್ಟಲೆ ಸುಮ್ಮನಿದ್ದಳು. ಕೊನೆಗೆ ಗಂಟು ಒಡೆದು ಕೀವು ಬಂತು. ಕೀವಿನ ಜೊತೆ ಕಪ್ಪು ಕಾಳು!

"ಸಾಸಿವೆ! ನಮ್ ವಾರಗಿತ್ತಿ ಮಂತ್ರಿಸಿ ಬಾಗಿಲಿಗೆ ಚೆಲ್ಲವಳೆ, ನಾನು ತುಳ್ದಿವ್ನಿ" ಎಂದು ಊರೆಲ್ಲ ಕೂಗಾಡಿದಳು.

ವಾರಗಿತ್ತಿ ಚಿಕ್ಕವೆಂಕಟಮ್ಮ ಇರುವುದು ಪಕ್ಕದ ಮನೆಯಲ್ಲೇ. ಇಬ್ಬರ ನಡುವೆ ಮಾತು ನಿಂತಿತು. ಆದರೂ ಅವಳೇ ನರ್ಸ್ ಗಂಗರತ್ನಮ್ಮನನ್ನು ಕರೆತಂದಳು.

"ಇಬ್ರೂ ಸೇರ್ಕೊಂಡು ನನ್ ಕಾಲು ಕುಯ್ಸಾಕೆ ಬಂದ್ರಾ?" ಎಂದಳು ಮುನಿನಾರಾಯಣಮ್ಮ.

ಗಂಗರತ್ನಮ್ಮ ಪಾದ ನೋಡಿದರು. "ಇದು ಸಾಸಿವೆ ಅಲ್ಲಮ್ಮ. ಹಳೇ ರೊಟ್ಟಿಗೆ ಬೂಷ್ಟು ಹಿಡಿಯುತ್ತಲ್ಲ, ಆ ಜಾತಿಯದು. ಮಣ್ಣಲ್ಲಿರುತ್ತೆ, ಮುಳ್ಳಿನ ಜೊತೆ ಒಳಗೆ ಹೋಗಿ ಮಾಂಸದಲ್ಲಿ ಬೆಳೆಯುತ್ತೆ."

"ಮಾಟ ಅಲ್ದಿದ್ರೆ ನೋವ್ಯಾಕಿಲ್ಲ?"

"ಅದೇ ಇದರ ಮೋಸ. ನೋವಿದ್ದಿದ್ದರೆ ನೀನು ಆವತ್ತೇ ಬರ್ತಿದ್ದೆ."

ಚಿಕ್ಕವೆಂಕಟಮ್ಮ ಅತ್ತೇಬಿಟ್ಟಳು. "ನಮ್ ತವರೂರು ಊರಿಗಾಂನಾಗೆ ನಮ್ಮಣ್ಣಂಗೂ ಇಂಗೇ ಕಾಳು ಬಂದಿತ್ತು. ತಾಯತ ಕಟ್ಕೊಂಡು ಕೂತ. ಮೂಳೆಗಿಳೀತು, ಪಾದಾನೇ ತೆಗೆದ್ರು. ನನ್ನ ಎಷ್ಟಾದ್ರೂ ಬೈಕೋ ಅಕ್ಕ, ಆಸ್ಪತ್ರೆಗೆ ಮಾತ್ರ ಬಾ."

ಆ ಕಣ್ಣೀರು ನಿಜದ್ದಾ ಅಂತಲೂ ಮುನಿನಾರಾಯಣಮ್ಮ ದಿಟ್ಟಿಸಿ ನೋಡಿದಳು. ನಿಜದ್ದೇ. ಸೆರಗು ಸಿಕ್ಕಿಸಿ ಬಸ್ಸು ಹತ್ತಿದಳು.

ದೊಡ್ಡಾಸ್ಪತ್ರೆಯಲ್ಲಿ ಕಾಳು ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆದರು. ಪುಣ್ಯಕ್ಕೆ ಮೂಳೆಗೆ ಇಳಿದಿರಲಿಲ್ಲ. ಗಂಟನ್ನು ಸುತ್ತಲ ಮಾಂಸದ ಸಮೇತ ಪೂರ್ತಿ ಕುಯ್ದು ತೆಗೆದರು. ಮತ್ತೆ ಬರಬಾರದಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಲು, ಆಗಾಗ ಬಂದು ತೋರಿಸಲು ಹೇಳಿದರು. ಪಾದ ಉಳಿಯಿತು.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಹೊಸ ರಬ್ಬರ್ ಚಪ್ಪಲಿ ಇತ್ತು. ಮುನಿನಾರಾಯಣಮ್ಮ ಅದನ್ನು ಬೋರಲು ಮಾಡಿ ಕೊಡವಿದಳು.

"ಅದ್ರಾಗೇನೂ ಇಲ್ಲ ಕಣಕ್ಕ!" ಗೋಡೆಯಾಚೆಯಿಂದ ಚಿಕ್ಕವೆಂಕಟಮ್ಮ ಕೂಗಿದಳು.

"ಮುಳ್ಳೈತಾ ಅಂತ ನೋಡ್ದೆ ಕಣೇ. ಬಾ, ಕಾಪಿ ಕುಡ್ಯೋಣ."

ಚಪ್ಪಲಿ ಮೆಟ್ಟಿ ಒಳಗೆ ಹೋದಳು. ಲಕ್ಷ್ಮಿ ಮುನಿಯಲಿಲ್ಲ, ಎಂದಿನಷ್ಟೇ ಹಾಲು ಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಬೇಡ ಅನ್ನುವುದಿಲ್ಲ. ವಾರಗಿತ್ತಿಯನ್ನು ಬಿಟ್ಟು, ಸದ್ದಿಲ್ಲದೆ ಬೆಳೆಯುವ ಗಂಟಿನ ಮೇಲೆ ಅನುಮಾನ ಪಡಿ. ಚಿಕ್ಕದಿರುವಾಗಲೇ ಡಾಕ್ಟರಿಗೆ ತೋರಿಸಿ. ಎಲ್ಲಿ, ನಿಮ್ಮ ಪಾದ ಈಗಲೇ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.