ಪಡುವಣ ಮೆಟ್ಟಿಲು

ಬಳ್ಳಾರಿಯ ಬೆಳಗಿನ ರೈಲಿಗೆ ಬಂದ ಆದಿನಾರಾಯಣ ಮೇಷ್ಟ್ರು ರಾಯದುರ್ಗದ ಸ್ಟೇಷನ್ನಿನಲ್ಲಿ ನನ್ನ ಜಟಕಾ ಹತ್ತಿದರು. ಜೊತೆಗೆ ಅವರ ಅಕ್ಕ ನರಸಮ್ಮ. ನನ್ನ ಹೆಸರು ಕೇಳಿದರು, ಕದಿರಪ್ಪ ಅಂದೆ. ಮೇಷ್ಟ್ರ ಕೈಯಲ್ಲಿ ಮದ್ರಾಸಿನಲ್ಲಿ ಅಚ್ಚಾದ ಗೈಡು ಪುಸ್ತಕ. ನಾನು ಬಾಯಿ ತೆರೆಯುವ ಮೊದಲೇ ಎಡಕ್ಕೆ ಯಾವ ಗುಡಿ, ಬಲಕ್ಕೆ ಯಾವ ಬಾಗಿಲು ಎಂದು ಓದಿ ಹೇಳುತ್ತಿದ್ದರು. ಒಂದೂ ಸುಳ್ಳಾಗಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದೇ ಅದಕ್ಕೆ. ಹತ್ತು ಮಾತು ನಿಜವಾದರೆ ಹನ್ನೊಂದನೆಯದನ್ನು ಯಾರು ಅನುಮಾನಿಸುತ್ತಾರೆ?

ಬೆಟ್ಟದ ಬುಡದಲ್ಲಿ ಇಳಿದು ಆ ಹನ್ನೊಂದನೆಯದನ್ನೂ ಓದಿದರು. ಕೋಟೆ ನೋಡಿದ ಮೇಲೆ ಪಡುವಣ ಮೆಟ್ಟಿಲಿನಿಂದ ಇಳಿಯುವುದು ಸುಲಭ, ಅರ್ಧ ಗಂಟೆ ಸಾಕು. ಅಕ್ಕನಿಗೆ ಮಂಡಿನೋವು, ಅವರನ್ನು ಕೂರಿಸಿಕೊಂಡು ಆ ಕಡೆ ಬಂದು ಕಾಯಲು ನನಗೆ ಹೇಳಿದರು.

ಅಲ್ಲಿ ಮೆಟ್ಟಿಲು ಅರ್ಧಕ್ಕೇ ಮುಗಿದು ಕೆಳಗೆ ಬರೀ ಬಂಡೆ ಎಂದೆ. ಮೇಷ್ಟ್ರು ನಕ್ಕರು.

"ಜಟಕಾದವನ ಮಾತು ಕೇಳಿ ಮದ್ರಾಸಿನವರು ಪುಸ್ತಕ ಬರೀತಾರೇನಪ್ಪ?"

"ಅದನ್ನ ಹಂಗೇ ಬರದಾರ್ರಿ. ಆ ಜಟಕಾದವ ನಾನೇ."

ನಾಲ್ಕು ವರ್ಷದ ಹಿಂದೆ ಪುಸ್ತಕದ ಸಾಹೇಬರು ಇದೇ ಗಾಡಿಯಲ್ಲಿ ಕೂತಿದ್ದರು. ಊರೆಲ್ಲ ಸುತ್ತಿದರು, ಬಿಸಿಲಿಗೆ ಬೆಟ್ಟ ಮಾತ್ರ ಹತ್ತಲಿಲ್ಲ. ಪಡುವಣದಲ್ಲಿ ಮೆಟ್ಟಿಲಿದೆಯೇ ಎಂದು ಕೇಳಿದರು, ಅದಾವ್ರಿ ಅಂದೆ. ಇಳಿಯುವುದು ಸುಲಭವೇ ಎಂದರು, ಹೌದ್ರಿ ಅಂದೆ. ಆಗ ನಾನು ನೋಡಿದ್ದು ಮೇಲಿನ ಮೆಟ್ಟಿಲಷ್ಟೇ, ಕೆಳಗೆ ಬರೀ ಬಂಡೆ ಎಂದು ತಿಳಿದದ್ದು ಆಮೇಲೆ. ಟೋಪಿಯವರು ಕೇಳಿದ್ದಕ್ಕೆಲ್ಲ ಹೌದೆನ್ನುವುದು ನಮ್ಮ ಕಡೆ ಮರ್ಯಾದೆ. ಅವರು ಬರೆದುಕೊಂಡರು. ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ.

"ಹಂಗಾದ್ರ ನೀನೂ ಗ್ರಂಥಕರ್ತ ಅನ್ನು" ಎಂದು ಬೆನ್ನು ತಟ್ಟಿ ಬೆಟ್ಟ ಹತ್ತಿಯೇ ಬಿಟ್ಟರು. ನರಸಮ್ಮ ಎರಡು ಸಲ ಕೂಗಿದರು. ತಿರುಗಲಿಲ್ಲ.

ಪಡುವಣ ಕಡೆಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನರಸಮ್ಮ ದಾರಿಯುದ್ದಕ್ಕೂ ಬೆಟ್ಟದ ಕಡೆಗೇ ನೋಡುತ್ತಿದ್ದರು. ಕೊನೆಗೆ, ಅವನೊಬ್ಬನೇ ನನಗಿರೋ ತಮ್ಮ ಎಂದರು. ನಾನು ಗಾಡಿ ಬಿಟ್ಟು ಬಂಡೆ ಹಿಡಿದು ಆದಷ್ಟು ಮೇಲೆ ಹತ್ತಿದೆ. ಕಲ್ಲು ಕಾದು ಅಂಗೈ ಸುಡುತ್ತಿತ್ತು. ತುಂಬಾ ಮೇಲೆ ಬಿಳಿ ಧೋತರ ಕಂಡಿತು. ಅದು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.

"ನಿಲ್ರಿ ಮೇಷ್ಟ್ರೆ! ಮುಂದ ಮೆಟ್ಟಿಲಿಲ್ರಿ. ಬಂದ ದಾರಿಗೇ ತಿರುಗ್ರಿ."

ಧೋತರ ನಿಂತಿತು. ಬಗ್ಗಿ ನೋಡಿ, ಹಿಂದಕ್ಕೆ ಸರಿದು ಕೂತಿತು. ಕೆಳಗೆ ನರಸಮ್ಮನವರಿಗೆ ಕೈ ಬೀಸಿದೆ.

ಮೇಲಿನಿಂದ ಮೇಷ್ಟ್ರ ದನಿ ಬಂತು. ನಗು ಇರಲಿಲ್ಲ.

"ಕದಿರಪ್ಪಾ, ಕೆಳಗ ಇಬ್ಬರು ಬಂದ್ರೇನು?"

ಯಾರೂ ಬರಲಿಲ್ಲ ಎಂದೆ.

"ಕೋಟೆಯೊಳಗ ಸಿಕ್ಕಿದ್ರು. ಅವರ ಕೈಯಾಗೂ ಇದೇ ಪುಸ್ತಕ ಇತ್ತು. ನನಗಿಂತ ಮುಂದ ಇಳದ್ರು."

ಬಂಡೆಯ ಬುಡದಲ್ಲಿ ಜಾಲಿ ಆಳೆತ್ತರ ಬೆಳೆದಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನರಸಮ್ಮನವರಿಗೆ ಈ ಕಡೆ ನೋಡಬೇಡಿರೆಂದು ಹೇಳಿ, ನಾನು ಅದರೊಳಗೆ ಇಳಿದೆ.