ಗಾಜಿನ ನಡುವಿನ ಪೊರೆ

ಮೊದಲ ದಿನ ನೂಲು ಅಂಟಿಕೊಂಡಾಗ ಎಲ್ಲರೂ ನಕ್ಕರು. ಮೂರನೆಯ ದಿನ ಯಾರಿಗೂ ನಗು ಬರಲಿಲ್ಲ.

ಮಿಲ್ಲಿನಲ್ಲಿ ನೂಲಿಗೆ ಕೋಟಿಂಗ್ ಮಾಡುವ ವಿಭಾಗ ದೊಡ್ಡಕ್ಕನ ಕೈಯಲ್ಲಿತ್ತು. ಇಪ್ಪತ್ತೆರಡು ವರ್ಷಗಳಿಂದ ಅಲ್ಲೇ ಬೇರೂರಿದ್ದ ಅವಳನ್ನು ಮ್ಯಾನೇಜರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ನೂಲು ತೊಟ್ಟಿಯಲ್ಲಿ ಮುಳುಗಿ, ಬಿಸಿಗಾಳಿಯ ಪೆಟ್ಟಿಗೆಯೊಳಗೆ ಹಾದು, ಬಾಬಿನ್ನಿಗೆ ಸುತ್ತಿಕೊಳ್ಳಬೇಕು. ಆಮೇಲೆ ಅದರಿಂದ ಕಿಟಕಿಯ ಬಿಸಿಲುಪರದೆ ನೇಯುತ್ತಾರೆ. ಇಷ್ಟು ದಿನ ಲೇಪಕ್ಕೆ ಹೊಸ ಪ್ಲಾಸ್ಟಿಕ್ ಬರುತ್ತಿತ್ತು. ಈಗ ಲ್ಯಾಬಿನ ಹುಡುಗಿ ಬೇರೆಯದನ್ನು ತಂದಿದ್ದಳು: ಕಾರಿನ ಮುಂದಿನ ಗಾಜು ಒಡೆದರೂ ಚೂರುಗಳು ಸಿಡಿಯದಂತೆ, ಎರಡು ಗಾಜುಗಳ ನಡುವೆ ಕೂತು ಹಿಡಿದಿಡುವ ಪ್ಲಾಸ್ಟಿಕ್ ಪೊರೆ. ಒಡೆದ ಗಾಜಿನಿಂದ ಅದನ್ನು ಸುಲಿದು, ತೊಳೆದು, ನೀರಿನಲ್ಲಿ ಹಾಲಿನಂತೆ ಕದಡಿ ತೊಟ್ಟಿಗೆ ಸುರಿದಿದ್ದರು.

ಲೇಪವೇನೋ ಚೆನ್ನಾಗಿಯೇ ಹಿಡಿಯಿತು. ಆದರೆ ಬಾಬಿನ್ನಿನ ಮೇಲೆ ಒಂದು ಸುತ್ತು ಇನ್ನೊಂದನ್ನು ಕಚ್ಚಿಕೊಳ್ಳುತ್ತಿತ್ತು. ಬಿಚ್ಚಲು ಹೋದರೆ ಲೇಪವೆಲ್ಲ ಚರ್ರನೆ ಕಿತ್ತು ಬರುತ್ತಿತ್ತು.

"ಬಿಸಿ ಕಮ್ಮಿ ಮಾಡ್ದೆ, ಲೇಪ ತೆಳು ಮಾಡ್ದೆ, ತಲೆ ಕೆಟ್ಟುಹೋಯ್ತು ದೊಡ್ಡಕ್ಕ," ಎಂದಳು ಲ್ಯಾಬಿನ ಹುಡುಗಿ. "ಒಂದು ಮೂಟೆಯ ಪೊರೆ ಪರವಾಗಿಲ್ಲ, ಇನ್ನೊಂದರದು ಹೀಗೆ."

ದೊಡ್ಡಕ್ಕ ಮೂಟೆಗೆ ಕಟ್ಟಿದ್ದ ಚೀಟಿ ತಿರುಗಿಸಿ ನೋಡಿದಳು. ಕೈಬರಹ ತಂಗಿ ಪುಟ್ಟಿಯದು.

ಪುಟ್ಟಿಗೆ ಮಿಲ್ಲಿನಲ್ಲಿ ಕೆಲಸ ಕೊಡಿಸಿದ್ದು ದೊಡ್ಡಕ್ಕನೇ. ಆರು ವರ್ಷ ದುಡಿದವಳು ಇದ್ದಕ್ಕಿದ್ದಂತೆ ಬಿಟ್ಟು, ಊರಾಚೆ ಒಡೆದ ಗಾಜು ಸುಲಿಯುವ ಶೆಡ್ಡಿಗೆ ಸೇರಿದಳು. "ನಿನ್ನ ಇಲ್ಲಿಗೆ ಸೇರಿಸಿದ್ದು ಗುಜರಿ ಆಯೋದಕ್ಕಾ?" ಎಂದು ಅವಳು ಕೆಲಸ ಬಿಡುವ ದಿನ ದೊಡ್ಡಕ್ಕ ಮಿಲ್ಲಿನ ಊಟದ ಕೋಣೆಯಲ್ಲಿ ನಲವತ್ತು ಜನರ ಎದುರಿಗೆ ಕೇಳಿಬಿಟ್ಟಿದ್ದಳು. ಪುಟ್ಟಿ ಡಬ್ಬಿ ಮುಚ್ಚಿ ಎದ್ದು ಹೋದಳು. ಅಲ್ಲಿಗೆ ಮಾತು ನಿಂತು ಎರಡು ವರ್ಷ. ಅಮ್ಮನನ್ನು ನೋಡಲು ಬಂದರೂ ಅಕ್ಕ ಇಲ್ಲದ ಹೊತ್ತು ನೋಡಿಕೊಂಡೇ ಬರುತ್ತಿದ್ದಳು.

"ಶೆಡ್ಡಿಗೇ ಹೋಗಿ ಕೇಳೋಣ್ವಾ?" ಎಂದಳು ಹುಡುಗಿ.

ನೀನೇ ಹೋಗಿ ಬಾ ಎನ್ನಲು ದೊಡ್ಡಕ್ಕ ಬಾಯಿ ತೆರೆದಳು. ಮೂಲೆಯಲ್ಲಿ ಕೆಟ್ಟ ಬಾಬಿನ್ನುಗಳ ರಾಶಿ ಕಣ್ಣಿಗೆ ಬಿತ್ತು. "ನಡಿ," ಎಂದಳು.

ಶೆಡ್ಡಿನಲ್ಲಿ ಬಿರುಕುಬಿಟ್ಟ ಗಾಜುಗಳನ್ನು ಗೋಡೆಯುದ್ದಕ್ಕೂ ಒರಗಿಸಿಟ್ಟಿದ್ದರು. ಯಂತ್ರವೊಂದು ಅವನ್ನು ಜಜ್ಜಿ, ಪುಡಿಯನ್ನು ಒಂದು ಕಡೆಗೆ, ಪೊರೆಯನ್ನು ಇನ್ನೊಂದು ಕಡೆಗೆ ಉಗುಳುತ್ತಿತ್ತು. ಮೊಣಕೈವರೆಗೆ ಕೈಗವಸು ತೊಟ್ಟು ತೊಳೆದ ಪೊರೆ ಹರಡುತ್ತಿದ್ದ ಪುಟ್ಟಿ ಅಕ್ಕನನ್ನು ಕಂಡು ಬಿಳಿಚಿಕೊಂಡಳು.

"ಅಮ್ಮ ಹುಷಾರಾಗಿದ್ದಾಳೆ ತಾನೇ?"

"ಗುಂಡುಕಲ್ಲಿನ ಹಾಗಿದ್ದಾಳೆ. ಕೆಟ್ಟು ಕೂತಿರೋದು ನಾನು." ದೊಡ್ಡಕ್ಕ ಬಾಬಿನ್ ಮುಂದೆ ಹಿಡಿದಳು. "ಇದ್ಯಾಕೆ ಹೀಗೆ ಅಂಟುತ್ತೆ ಅಂತ ನಂಗೆ ಗೊತ್ತಾಗ್ತಿಲ್ಲ. ನಿಂಗೇನಾದ್ರೂ ಗೊತ್ತಾ ಪುಟ್ಟಿ?"

ಪುಟ್ಟಿ ಕೈಗವಸು ಕಳಚಿ ಪೊರೆಯ ಎರಡು ತುಂಡು ತಂದಳು. "ಕಣ್ಣು ಮುಚ್ಚಿ ಹಿಸುಕಿ ನೋಡು."

ಒಂದು ಕಿವಿಯ ಹಾಲೆಯಂತೆ ಮೆತ್ತಗಿತ್ತು. ಇನ್ನೊಂದು ಬಿಗಿಯಾಗಿತ್ತು.

"ಮೆತ್ತಗಿರೋದು ಕಾರಿಂದು. ಗಟ್ಟಿ ಇರೋದು ದೊಡ್ಡ ಕಟ್ಟಡಗಳ ಗಾಜಿಂದು. ಬೇರೆ ಬೇರೆ ಕಟ್ಟಿ ಕಳಿಸಿದೀನಿ, ಚೀಟೀಲಿ 'ಮೆ', 'ಗ' ಅಂತ ಬರೆದೂ ಇದೀನಿ. ಮೆತ್ತಗಿರೋದನ್ನೇ ಹಾಕಿದ್ರೆ ಅಂಟದೆ ಇನ್ನೇನು ಮಾಡುತ್ತೆ?"

"ಅಯ್ಯೋ, ನಾನು ಅದನ್ನ ಯಾರದೋ ಹೆಸರು ಅಂದ್ಕೊಂಡಿದ್ದೆ," ಎಂದು ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ಯಾರು ಹೇಳಿಕೊಟ್ರು ನಿಂಗೆ?" ಎಂದಳು ದೊಡ್ಡಕ್ಕ.

"ಯಾರೂ ಇಲ್ಲ. ಮಿಲ್ಲಲ್ಲಿ ಏನು ಮಾಡಿದ್ರೂ ನಾನು ದೊಡ್ಡಕ್ಕನ ತಂಗಿ ಆಗಿದ್ದೆ. ಇಲ್ಲಿ ನನ್ನ ಕೈಯನ್ನೇ ನಂಬಬೇಕಾಯ್ತು."

ಆ ಮಾತು ದೊಡ್ಡಕ್ಕನಿಗೆ ನಾಟಿತು. "ಅವತ್ತು ನಾನು ಹಾಗನ್ನಬಾರದಿತ್ತು," ಎಂದಳು. "ಅದೂ ಅಷ್ಟು ಜನರ ಮುಂದೆ."

"ಅಂದಿದ್ದು ಹೋಗ್ಲಿ ಬಿಡು. ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ನಲ್ಲ, ಆ ಹೊಟ್ಟೆ ಉರಿ ಇನ್ನೂ ಆರಿಲ್ಲ!"

ಇಬ್ಬರಿಗೂ ನಗು ಉಕ್ಕಿತು. ನಗುತ್ತಲೇ ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುವಾರ, ಮೆತ್ತಗಿನದೂ ವ್ಯರ್ಥವಾಗದಿರಲೆಂದು, ಗಟ್ಟಿಯದು ಮೂರು ಪಾಲು, ಮೆತ್ತಗಿನದು ಒಂದು ಪಾಲು ಬೆರೆಸಿ ನೂಲು ಬಿಟ್ಟರು. ನೋಡಲು ಪುಟ್ಟಿಯೂ ಬಂದಿದ್ದಳು. ಅಂಟು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ದೊಡ್ಡಕ್ಕ ಯಂತ್ರ ನಿಲ್ಲಿಸಿ ನೂಲಿಗೆ ಬೆರಳು ತಾಗಿಸಿದಳು. "ಇನ್ನೂ ಬೆಚ್ಚಗಿದೆ. ಆರೋಕೆ ಮುಂಚೇನೇ ಸುತ್ತಿಬಿಡ್ತಿದೀವಿ." ಫಿಟ್ಟರನ್ನು ಕರೆಸಿ ಸೂರಿನಡಿ ನಾಲ್ಕು ರಾಟೆ ಹಾಕಿಸಿದಳು. ನೂಲು ಮೇಲೆ ಹೋಗಿ, ಗಾಳಿ ಕುಡಿದು, ನಿಧಾನವಾಗಿ ಇಳಿದು ಬಂತು. ಸಂಜೆ ಬಾಬಿನ್ನಿನ ತುದಿ ಹಿಡಿದು ಎಳೆದರೆ ಒಂದೇ ಸಮನೆ ಬಿಚ್ಚಿಕೊಂಡಿತು. ಹುಡುಗಿ ಕುಣಿದಾಡಿದಳು.

ಈಗ ಪುಟ್ಟಿ ಪ್ರತಿ ಸೋಮವಾರ ಮಿಲ್ಲಿಗೆ ಬಂದು ಪೊರೆ ಹಿಸುಕಿ ಮೂಟೆಗಳನ್ನು ಪರೀಕ್ಷಿಸುತ್ತಾಳೆ. ಲ್ಯಾಬಿನ ಹುಡುಗಿಗೂ ಕಲಿಸುತ್ತಿದ್ದಾಳೆ. ಅವಳು ಹತ್ತರಲ್ಲಿ ಎರಡನ್ನು ಇನ್ನೂ ತಪ್ಪಾಗಿ ಹೇಳುತ್ತಾಳೆ. ಕೆಲಸ ಬಿಟ್ಟ ಮೇಲೆ ಅಕ್ಕ ತಂಗಿ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆಯುತ್ತಾರೆ. ಮಾತು ಮುಗಿಯದೆ ಒಂದೆರಡು ಬಸ್ಸು ಬಿಟ್ಟುಬಿಡುವುದೂ ಉಂಟು.